ಚೀಲದೊಳಗಿನ ಶಂಖ

ನಿಂಬೆಹುಲ್ಲಿನ ಚಹಾದ ಬಟ್ಟಲನ್ನು ತುಟಿಗಿಟ್ಟ ಎಗ್ಬೆರ್ ಕುಡಿಯದೆ ಹಾಗೇ ನಿಂತುಬಿಟ್ಟ. ಬಟ್ಟಲಿನ ಅಂಚು ಒಂದು ಕಡೆ ಸೀಳಿತ್ತು. ಆ ಸೀಳು ಕೆಳದುಟಿಯ ಎಡಗಡೆ ತಾಗಿದ್ದೇ ತಡ, ಶಂಖ ಊದಲು ಹೊರಟವನ ಹಾಗೆ ಅವನ ತುಟಿ ತಾನಾಗಿ ಬಿಗಿದುಕೊಂಡಿತು. ಕೈ ಮರೆಯಬಹುದು, ಕಣ್ಣಂತೂ ಮರೆತೇಹೋಗಿದೆ, ಆದರೆ ತುಟಿ ಮರೆಯುವುದಿಲ್ಲ ಎಂದು ಅವನಿಗೆ ಕೆಲವು ವಾರಗಳಿಂದ ಅನ್ನಿಸುತ್ತಿತ್ತು. ಇವತ್ತು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವ ದಿನ, ಆ ಅನ್ನಿಸಿಕೆಯೇ ಭಯವಾಗಿತ್ತು. ಒಳಗೆ ಇಸ್ತ್ರಿ ಮಾಡುತ್ತಿದ್ದ ಹೆಂಡತಿ ನೊಯೆಲಾ ಕೂಗಿದಳು: "ಚಹಾ ಕುಡೀತಿದೀಯೋ, ಅದರ ಜೊತೆ ಮಾತಾಡ್ತಿದೀಯೋ?" "ಬಿಸಿ ಇದೆ." "ಬಿಸಿ ಆರಿ ಎಷ್ಟೊತ್ತಾಯ್ತು ಮಾರಾಯ. ಆರದೇ ಇರೋದು ನೀನು." ಅವಳು ಬಿಳಿ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. ಎಗ್ಬೆರ್‌ನ ದೋಣಿಯಲ್ಲಿ ದುಡಿಯುತ್ತಿದ್ದ ಸೆರ್ಜ್‌ನ ಆತ್ಮಕ್ಕೆ ಪೂಜೆ ಮಾಡಿಸಿದ ದಿನ ತೊಟ್ಟ ಅಂಗಿ. ಆ ದಿನ ಇಗರ್ಜಿಯಲ್ಲಿ ಶವಪೆಟ್ಟಿಗೆ ಇರಲಿಲ್ಲ; ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಒಂದು ಬೆಂಚಿಟ್ಟು ಅದರ ಮೇಲೆ ಸೆರ್ಜ್‌ನ ಗಾಳದ ದಾರದ ಉಂಡೆ ಇಟ್ಟಿದ್ದರು. ಪಾದ್ರಿ ಆ ಉಂಡೆಗೆ ಪವಿತ್ರಜಲ ಚಿಮುಕಿಸುವಾಗ ಎಗ್ಬೆರ್ ತನ್ನ ಬೂಟುಗಳನ್ನೇ ನೋಡುತ್ತಿದ್ದ.

ಬಾಗಿಲಿನ ಹಿಂದೆ ಮೊಳೆಯಲ್ಲಿ ನೀಲಿ ಟೋಪಿ ತೂಗುತ್ತಿತ್ತು, ಮೇಲೆ ವೃತ್ತದಲ್ಲಿ ಹಳದಿ ನಕ್ಷತ್ರಗಳು. ಹಡಗುಕಟ್ಟೆಯಲ್ಲಿ ಅದನ್ನು ಅವನ ತಲೆಗೆ ಇಟ್ಟವಳು ಒಕ್ಕೂಟದ ನೌಕೆಯ ಅಧಿಕಾರಿ, ಬಿಸಿಲಿಗೆ ಮೂಗಿನ ಚರ್ಮ ಸುಲಿದಿದ್ದ ಎತ್ತರದ ಹುಡುಗಿ. ಅವತ್ತು ಕಟ್ಟೆಯ ತುಂಬ ಜನ. ಯುರೋಪಿನ ಒಕ್ಕೂಟದ ಹಡಗುಗಳು ನಮ್ಮ ಕಡಲನ್ನು ಕಾಯುವುದು, ಅವು ಹಿಡಿದುಕೊಟ್ಟ ಕಡಲ್ಗಳ್ಳರನ್ನು ನಮ್ಮ ನ್ಯಾಯಾಲಯ ವಿಚಾರಿಸುವುದು ಎಂದು ಒಪ್ಪಂದವಾಗಿ, ಮೊದಲ ಸಲ ಆರು ಜನ ಸೋಮಾಲಿಗಳನ್ನು ಇಳಿಸುತ್ತಿದ್ದರು. ಬೂದು ಬಣ್ಣದ ಕಾವಲು ಹಡಗಿನ ಪಕ್ಕದಲ್ಲೇ ಒಕ್ಕೂಟದವರ ಟ್ಯೂನಾ ಮೀನಿನ ಹಡಗುಗಳು ನಿಂತಿದ್ದವು, ಮನೆಯ ಯಜಮಾನನ ಪಕ್ಕ ಹಸುಗಳು ನಿಂತ ಹಾಗೆ. ಆ ಟ್ಯೂನಾ ನಮ್ಮ ಕಾರ್ಖಾನೆಯಲ್ಲಿ ಡಬ್ಬಿ ಸೇರಿ ಅವರ ಊರಿಗೇ ಹೋಗುತ್ತದೆ. ಮಗಳು ಜೊಸೆಟ್ ಡಬ್ಬಿಗಳ ಸಾಲಿನ ಮುಂದೆ ನಿಂತು ಹೊಟ್ಟೆ ಹೊರೆಯುತ್ತಾಳೆ. ಇದರಲ್ಲಿ ಎಗ್ಬೆರ್‌ಗೆ ತಕರಾರೇನಿರಲಿಲ್ಲ. ದೊಡ್ಡವರ ಕೊಡೆಯ ಅಂಚಿನಲ್ಲಿ ನಿಂತರೂ ಅರ್ಧ ಮೈಯಾದರೂ ಒಣಗಿರುತ್ತದೆ ಎಂಬುದು ಬದುಕು ಕಲಿಸಿದ ಮಾತು. ಆರು ಜನ ಸಾಲಾಗಿ ಇಳಿದರು. ಸರಕಾರಿ ವಕೀಲೆ ಮಿಸ್ ಎರ್ನೆಸ್ತಾ ಕಿವಿಯ ಹತ್ತಿರ ಬಂದು, "ಯಾರನ್ನಾದರೂ ಗುರುತು ಹಿಡೀತೀರಾ?" ಎಂದಳು. ಅವನು ನೋಡಿದ. ಒಂದು ಮುಖವೂ ಗೊತ್ತಾಗಲಿಲ್ಲ. ಗೊತ್ತಾಗಲು ಅವನು ಅವರ ಮುಖ ನೋಡಿದ್ದರಲ್ಲವೆ? ಕಡಲ್ಗಳ್ಳರು ಅವನನ್ನೂ ಸೆರ್ಜ್‌ನನ್ನೂ ಹಿಡಿದೊಯ್ದು ಸೆರೆಯಲ್ಲಿಟ್ಟಿದ್ದ ಅಷ್ಟು ತಿಂಗಳೂ ಅವನು ತಲೆ ಎತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಪಾದಗಳು: ಒಂದು ಉಗುರು ಕಳೆದುಕೊಂಡ ಹೆಬ್ಬೆರಳು, ಉಪ್ಪುನೀರಿಗೆ ಬಿರಿದ ಹಿಮ್ಮಡಿ, ನಡೆಯುವಾಗ ಒಳಗೆ ತಿರುಗುವ ಬಲಗಾಲು. ಇಲ್ಲಿ ಆರು ಜನರ ಕಾಲಿಗೂ ಒಕ್ಕೂಟದವರು ಬಿಳಿಯ ಹೊಸ ಕಾಲುಚೀಲ ಹಾಕಿಸಿದ್ದರು. ಅಷ್ಟು ಜನ ಅವನ ಬಾಯನ್ನೇ ನೋಡುತ್ತಿದ್ದರು. ಸೆರ್ಜ್‌ನ ತಾಯಿ ಮಾ ಫಿಲೋಮೆನ್ ಮುಂದಿನ ಸಾಲಿನಲ್ಲಿದ್ದಳು. ಆಗ ನಾವಿಕನೊಬ್ಬ ಆ ಆರು ಜನರ ದೋಣಿಯಲ್ಲಿ ಸಿಕ್ಕ ಸಾಮಾನುಗಳನ್ನು ತಂದು ಹಾಸಿದ. ಹಡಗು ಹತ್ತಲು ಬಳಸುವಂಥ ಒಂದು ಏಣಿ, ಎಣ್ಣೆಯ ಪೀಪಾಯಿ, ಗಾಳದ ದಾರ, ಮತ್ತು ತುದಿಯಲ್ಲಿ ತೂತು ಕೊರೆದ, ಅಂಚು ಒಡೆದ ಒಂದು ಶಂಖ. ಎಗ್ಬೆರ್‌ನ ಎದೆಯಿಂದ ಏನೋ ಕಿತ್ತುಕೊಂಡು ಹೊರಗೆ ಬಿತ್ತು: "ನಂದು! ಅದು ನನ್ನ ಶಂಖ! ನಮ್ಮಪ್ಪಂದು!" ತೂತಿನ ಶಂಖ ಎಂದರೆ ನಮ್ಮದೇ. ಬೇರೆ ಯಾರು ಊದುತ್ತಾರೆ ಈ ಕಡಲಿನಲ್ಲಿ? ಅವನಿಗೆ ಆ ಗಳಿಗೆಯಲ್ಲಿ ಬೇರೆ ಯೋಚನೆಯೇ ಬರಲಿಲ್ಲ. ಕಟ್ಟೆಯ ಮೇಲಿದ್ದ ಒಬ್ಬರಿಗೂ ಬರಲಿಲ್ಲ. ಜನ ಹೋ ಎಂದರು. ಸುಲಿದ ಮೂಗಿನ ಹುಡುಗಿ ತನ್ನ ಟೋಪಿ ತೆಗೆದು ಅವನ ತಲೆಗಿಟ್ಟಳು. ಶಂಖ ಪಾರದರ್ಶಕ ಚೀಲಕ್ಕೆ ಹೋಯಿತು, ಚೀಲಕ್ಕೆ ಮೊಹರು ಬಿತ್ತು. ಮುಟ್ಟಿ ನೋಡಲು ಅವನು ಕೇಳಲಿಲ್ಲ.

ಅನುಮಾನ ಬಂದದ್ದು ನಂತರ, ಅದೂ ದೊಡ್ಡದಾಗಿ ಏನೂ ಅಲ್ಲ. ಮಿಸ್ ಎರ್ನೆಸ್ತಾ ತೋರಿಸಿದ ಚಿತ್ರದಲ್ಲಿ ಶಂಖದ ಒಳಗೆನ್ನೆ ನಸುಗೆಂಪಾಗಿತ್ತು. ಅಪ್ಪನ ಶಂಖದ್ದು ಹಾಗೆ ಇತ್ತೋ ಇಲ್ಲವೋ? ನಲವತ್ತು ವರ್ಷ ಕೈಯಲ್ಲಿ ಹಿಡಿದದ್ದರ ಬಣ್ಣ ನೆನಪಿಗೆ ಬರುತ್ತಿಲ್ಲ. ಹೆಂಡತಿಯ ಕಣ್ಣಿನ ಬಣ್ಣ ಕೇಳಿದರೂ ಹೀಗೇ ಆಗುತ್ತಿತ್ತೇನೋ ಎಂದುಕೊಂಡು ಅವನು ಸಮಾಧಾನ ಮಾಡಿಕೊಂಡ. ಈಗ ಅವನು ಅಂಗಿಯ ಗುಂಡಿ ಹಾಕುತ್ತಿದ್ದಾಗ ರಾತ್ರಿಪಾಳಿ ಮುಗಿಸಿ ಬಂದ ಜೊಸೆಟ್ ಬಾಗಿಲಲ್ಲಿ ನಿಂತಳು, ಮೈಯೆಲ್ಲ ಬೆಂದ ಮೀನಿನ ವಾಸನೆ. "ಅಪ್ಪ, ಫ್ಯಾಕ್ಟರೀಲಿ ಎಲ್ರೂ ನಿನ್ನ ಸುದ್ದೀನೇ. ಮೇಲಿನವರು ಬಂದು ನನ್ನ ಕೈ ಕುಲುಕಿದ್ರು ಗೊತ್ತಾ? ಟ್ಯೂನಾ ಕೊಯ್ಯೋ ಕೈಯನ್ನ! ನಿಮ್ಮಪ್ಪ ಕೋರ್ಟಲ್ಲಿ ಗಟ್ಟಿಯಾಗಿ ನಿಂತ್ರೆ ಹಡಗುಗಳು ಧೈರ್ಯವಾಗಿ ಬರ್ತವೆ ಅಂದ್ರು." "ನಾನು ನಿಲ್ಲೋದಕ್ಕೂ ಹಡಗಿಗೂ ಏನೇ ಸಂಬಂಧ?" "ಅದೆಲ್ಲ ನಂಗೆ ಗೊತ್ತಿಲ್ಲಪ್ಪ. ಟೋಪಿ ಹಾಕ್ಕೊಂಡು ಹೋಗು." ಅವನು ಟೋಪಿ ತೆಗೆದುಕೊಂಡ, ಮೂಲೆ ತಿರುಗಿದ ಮೇಲೆ ಮಡಚಿ ಕಿಸೆಗೆ ತುರುಕಿದ.

ಬಸ್ಸಿಗೆ ಕಾಯುತ್ತ ಮಾ ಫಿಲೋಮೆನ್ ಆಗಲೇ ನಿಂತಿದ್ದಳು, ಭಾನುವಾರದ ಹ್ಯಾಟು, ಕೈಯಲ್ಲಿ ಕೊಡೆ, ಬೆರಳುಗಳಲ್ಲಿ ಜಪಮಣಿ. ಮರದ ನೆರಳಲ್ಲಿ ಕೂತಿದ್ದ ಕಳ್ಳಿಳಿಸುವ ಲೇಓ ಎಗ್ಬೆರ್‌ನನ್ನು ಕಂಡು ಎದ್ದು ನಿಂತು ಸಲಾಮು ಹೊಡೆದ. "ಏನ್ ಎಗ್ಬೆರ್, ಮದುಮಗನ ಹಾಗೆ ಕಾಣ್ತೀಯಲ್ಲೋ! ನೊಯೆಲಾಗೆ ಗೊತ್ತಾ?" "ಬಾಯ್ ಮುಚ್ಚೋ ಲೇಓ," ಎಂದಳು ಮುದುಕಿ, "ಬೆಳಿಗ್ಗೆ ಬೆಳಿಗ್ಗೇನೇ ಕಳ್ಳು ಮಾತಾಡ್ತಿದೆ." "ಕಳ್ಳು ಇನ್ನೂ ಮರದ ಮೇಲೇ ಇದೆ ಅಜ್ಜಿ. ನಾನೊಬ್ಬನೇ ಕೆಳಗಿಳಿದಿರೋದು." ಅವಳ ಬಾಯಿಯ ಮೂಲೆ ಸ್ವಲ್ಪ ಅಲುಗಿತು. ಆ ಮೂಲೆಯನ್ನು ಸೆರ್ಜ್ ಹೊತ್ತುಕೊಂಡು ಹುಟ್ಟಿದ್ದ. ನಗು ಬಂದರೆ ಒಂದೇ ಕಡೆ ನಗುತ್ತಿದ್ದ. ಬಸ್ಸಿನಲ್ಲಿ ಅವಳು ಎಗ್ಬೆರ್‌ಗೆ ಪಕ್ಕದಲ್ಲೇ ಜಾಗ ಮಾಡಿಕೊಟ್ಟಳು. ಬಸ್ಸು ಗುಡ್ಡ ಹತ್ತತೊಡಗಿತು. ಕೆಳಗೆ ಹವಳದ ಬಂಡೆಗಳ ಸಾಲಿಗೆ ಅಲೆ ಬಡಿದು ಬೆಳ್ಳಗೆ ಒಡೆಯುತ್ತಿತ್ತು, ಬಂಡೆಗಳ ನಡುವಿನ ಕಿರುದಾರಿ ಮಾತ್ರ ನೀಲಿಯಾಗಿ ನಿಂತಿತ್ತು. ಆ ದಾರಿ ದಾಟಿ ದೋಣಿ ಒಳಗೆ ಬಂದ ತಕ್ಷಣ ಶಂಖ ಊದುವುದು ನಮ್ಮೂರು ತಾಕಾಮಾಕಾದ ರೂಢಿ. ಮೀನು ಕೊಳ್ಳುವವರು ಬನ್ನಿ ಎಂದು ಊದುವುದು, ನಿಜ. ಆದರೆ ಆಗ್ನೇಯದ ಗಾಳಿ ಬೀಸಿ ಕಡಲು ಕೆರಳುವ ತಿಂಗಳುಗಳಲ್ಲಿ ದಡದ ಹೆಂಗಸರು ಅದರಲ್ಲಿ ಮೀನಿನ ಸುದ್ದಿ ಕೇಳುವುದಿಲ್ಲ. ಒಂದೊಂದು ಶಂಖಕ್ಕೆ ಒಂದೊಂದು ದನಿ. ಸದ್ದು ಬಂದೊಡನೆ ಬಟ್ಟೆ ಒಗೆಯುವವಳು, ತೆಂಗಿನಕಾಯಿ ತುರಿಯುವವಳು, ಎಲ್ಲರೂ ತಲೆ ಎತ್ತುತ್ತಾರೆ. ತಮ್ಮವರ ದನಿಯಾದರೆ ಏಳುತ್ತಾರೆ. ಅಲ್ಲದಿದ್ದರೆ ಏನೂ ಹೇಳದೆ ತಲೆ ತಗ್ಗಿಸಿ ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಅಪ್ಪನ ಶಂಖ ತಗ್ಗಿನಲ್ಲಿ ಶುರುವಾಗಿ, ನಡುವೆ ಗಂಟಲು ಕಟ್ಟಿದವರ ಹಾಗೆ ಒಮ್ಮೆ ಒಡೆದು, ಮತ್ತೆ ಕೂಡಿಕೊಂಡು ಏರುತ್ತಿತ್ತು. ಸೆರ್ಜ್ ಅವನ ದೋಣಿಗೆ ಬಂದಂದಿನಿಂದ ಮಾ ಫಿಲೋಮೆನ್ ತಲೆ ಎತ್ತಿ ಕಾದದ್ದು ಆ ದನಿಗೆ. ಕೊನೆಗೆ ಸೆರೆಯಿಂದ ಬಿಟ್ಟ ಮೇಲೆ ಎಗ್ಬೆರ್ ಬಂದದ್ದು ವಿಮಾನದಲ್ಲಿ, ಶಂಖವಿಲ್ಲದೆ, ಸೆರ್ಜ್ ಇಲ್ಲದೆ. ಈಗ ಅವನು ಬೇರೆಯವರ ದೋಣಿಯಲ್ಲಿ ದುಡಿಯುತ್ತಾನೆ, ಪಟ್ಟಣದ ಬಂದರಿನಲ್ಲೇ ಮೀನು ಇಳಿಸುತ್ತಾನೆ. ಊರಿನ ದಡಕ್ಕೆ ಮೀನು ತಂದಿಲ್ಲ.

"ನಂಗೆ ಹತ್ತು ಮಾತು ಬೇಡ ಎಗ್ಬೆರ್," ಎಂದಳು ಅವಳು, ಕಿಟಕಿಯ ಕಡೆಗೇ ನೋಡುತ್ತ. "ನಂದು ಅಂತ ಹೇಳು, ಸಾಕು. ಆಮೇಲೆ ನಾನು ಅವರ ಮುಖ ನೋಡ್ಕೋತೀನಿ. ರಾತ್ರಿ ನಿದ್ದೆ ಬರದೆ ಇದ್ದಾಗ ಬೈಯೋಕೆ ಒಂದು ಮುಖ ಬೇಕು ಕಣೋ. ಸಮುದ್ರಕ್ಕೆ ಬೈದು ಬೈದು ಸಾಕಾಗಿದೆ, ಅದು ಕೇಳಿಸ್ಕೊಳ್ಳೋದಿಲ್ಲ." ಅವನು ಕೇಳಿದ: "ಮಾ, ನಿಮಗೆ ನಮ್ಮಪ್ಪನ ಶಂಖದ ದನಿ ಇನ್ನೂ ನೆನಪಿದೆಯಾ?" ಅವಳು ಈಗ ಅವನ ಕಡೆ ತಿರುಗಿದಳು. "ಇದೇನು ಪ್ರಶ್ನೆ ಕೇಳ್ತೀಯೋ? ಸೆರ್ಜ್‌ನ ದನೀನೇ ಕೆಲವು ಸಲ ಮರೆತು ಹೋಗುತ್ತೆ. ಅದು ಮರೆಯೋಲ್ಲ."

ಸೆರ್ಜ್‌ನ ದನಿ ಎಗ್ಬೆರ್‌ಗೆ ಚೆನ್ನಾಗಿ ನೆನಪಿತ್ತು. ಕೊನೆಕೊನೆಗೆ ಅದು ನೀರು ನೀರು ಎಂದಷ್ಟೇ ಹೇಳುತ್ತಿತ್ತು. ಸಕ್ಕರೆ ಕಾಯಿಲೆಯವನು, ತಂದಿದ್ದ ಔಷಧಿ ಬಹಳ ಹಿಂದೆಯೇ ಮುಗಿದಿತ್ತು. ಎಗ್ಬೆರ್ ಕೇಳಿದ್ದ, ಔಷಧಿ ಬೇಕು ಎಂದು ಕೇಳಿದ್ದ, ಉಗುರಿಲ್ಲದ ಹೆಬ್ಬೆರಳನ್ನೇ ನೋಡುತ್ತ. ತಲೆ ಎತ್ತಿ, ಕಣ್ಣಿಗೆ ಕಣ್ಣಿಟ್ಟು, ಕಿರುಚಿ ಕೇಳಿದ್ದರೆ? ಹೊಡೆಯುತ್ತಿದ್ದರು. ಹೊಡೆದಿದ್ದರೆ ಹೊಡೆಯುತ್ತಿದ್ದರು. ಆದರೆ ಅವನನ್ನು ಹೆಚ್ಚು ಕೊರೆಯುವುದು ಅದಲ್ಲ. ಮೊದಲ ದಿನ, ಕಡಲ್ಗಳ್ಳರು ದೋಣಿ ಹತ್ತಿದ ಕೂಡಲೇ, ಅವರಲ್ಲೊಬ್ಬ ಚುಕ್ಕಾಣಿಯ ಪಕ್ಕ ನೇತುಹಾಕಿದ್ದ ಶಂಖ ತೆಗೆದು ಊದಲು ನೋಡಿದ. ಕೆನ್ನೆ ಉಬ್ಬಿಸಿ ಊದಿದ. ಅದು ಹೂಸು ಬಿಟ್ಟ ಹಾಗೆ ಸದ್ದು ಮಾಡಿತು. ಎಗ್ಬೆರ್ ನಕ್ಕುಬಿಟ್ಟ. ಭಯಕ್ಕೋ, ಮೆಚ್ಚಿಸಲಿಕ್ಕೋ, ನಿಜವಾಗಿ ನಗು ಬಂದಿತ್ತೋ. ಬಂದೂಕು ಹಿಡಿದವನೂ ನಕ್ಕ. ಕೈಕಟ್ಟಿಸಿಕೊಂಡು ಬಿದ್ದಿದ್ದ ಸೆರ್ಜ್ ಎಗ್ಬೆರ್‌ನನ್ನು ನೋಡಿದ, ನೋಡಿ ಮುಖ ತಿರುಗಿಸಿದ. ಅದರ ಬಗ್ಗೆ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ, ಆಡಲು ಎಷ್ಟೊಂದು ಸಮಯವಿದ್ದರೂ. ಬಸ್ಸು ತಿರುವಿನಲ್ಲಿ ವಾಲಿತು. ಮುದುಕಿಯ ಭುಜ ಅವನ ಭುಜಕ್ಕೆ ಒರಗಿ ಅಲ್ಲೇ ನಿಂತಿತು, ಹಕ್ಕಿಯಷ್ಟೇ ಹಗುರ. ಇವಳಿಗೆ ಒಂದು ಮುಖ ಕೊಡಬೇಕು ಎಂದುಕೊಂಡ. ಕೊಡುವುದು ನನ್ನ ಕೆಲಸ. ಅದಕ್ಕಾಗಿ ಆರು ಮುಖ ಕೊಟ್ಟರೂ ತಪ್ಪಿಲ್ಲ. ಹೀಗೆ ಅಂದುಕೊಂಡಾಗ ಎದೆ ಹಗುರಾಯಿತು, ಇಳಿಯುವ ತನಕ ಹಗುರಾಗಿಯೇ ಇತ್ತು.

ನ್ಯಾಯಾಲಯದ ಜಗಲಿಯಲ್ಲಿ ಮಿಸ್ ಎರ್ನೆಸ್ತಾ ಅವನ ಕಾಲರ್ ಸರಿಮಾಡಿದಳು. ಅವಳಿಗೆ ಜೊಸೆಟ್‌ನಷ್ಟೇ ವಯಸ್ಸು. "ಹೆದರಬೇಡಿ. ಶಂಖ ಕೈಗೆ ಕೊಡ್ತಾರೆ. ತಿರುಗಿಸಿ ನೋಡಿ. ನಿಮ್ಮದೇ ಅಂತ ಕೇಳ್ತೀನಿ. ಹೌದು ಅನ್ನಿ. ಅಷ್ಟೆ. ಕಥೆ ಹೇಳಬೇಡಿ." "ಇಲ್ಲ ಅಂದ್ರೆ?" ಎಂದು ಅವನ ಬಾಯಿಂದ ಬಂದುಬಿಟ್ಟಿತು. ಅವಳು ನಕ್ಕಳು. "ಇಲ್ಲ ಅಂದ್ರೆ ಏಣಿ, ಎಣ್ಣೆ ಪೀಪಾಯಿ ಇಟ್ಕೊಂಡು ನಾನು ಹೆಣಗಬೇಕು. ನಿಮ್ಮ ದೋಣಿಗೂ ಇವರಿಗೂ ನಂಟು ಹಾಕೋದು ಅದೊಂದೇ, ತೊಂತೋ. ಸೆರ್ಜ್‌ನ ಹೆಸರು ಈ ಕೋರ್ಟಲ್ಲಿ ಕೇಳಿಸಬೇಕಾದ್ರೆ ಅದೊಂದೇ ದಾರಿ." ಚಿಕ್ಕಪ್ಪನನ್ನು ಕರೆಯುವ ಹಾಗೆ ತೊಂತೋ ಎಂದಳಲ್ಲ, ಆ ಮಾತಿಗೆ ಅವನ ಕಣ್ಣು ಹನಿಗೂಡಿತು.

ಒಳಗೆ ಪಂಖಗಳು ನಿಧಾನವಾಗಿ ತಿರುಗುತ್ತಿದ್ದವು. ಆರು ಜನ ಒಂದೇ ಬೆಂಚಿನಲ್ಲಿ ಕೂತಿದ್ದರು, ದುಭಾಷಿ ಅವರ ಕಿವಿಗೆ ಪಿಸುಗುಡುತ್ತಿದ್ದ. ತಾವು ಶಾರ್ಕ್ ಹಿಡಿಯುವವರೆಂದೂ ದಾರಿ ತಪ್ಪಿ ಬಂದೆವೆಂದೂ ಅವರು ಮೊದಲಿನಿಂದ ಹೇಳುತ್ತಿದ್ದರು. ಶಾರ್ಕಿಗೆ ಏಣಿ ಯಾಕೆ ಎಂದರೆ ಒಬ್ಬೊಬ್ಬ ಒಂದೊಂದು ಹೇಳಿದ್ದ. ಎಗ್ಬೆರ್ ಇವತ್ತು ಪಣತೊಟ್ಟು ಮುಖಗಳನ್ನು ನೋಡಿದ. ಕೊನೆಯಲ್ಲಿ ಕೂತವನು ಅವನದೇ ವಯಸ್ಸಿನವನು, ಗಡ್ಡ ಬೆಳ್ಳಗಾಗಿತ್ತು, ಬಾಯಲ್ಲಿ ಮುಂದಿನ ಹಲ್ಲಿರಲಿಲ್ಲ. ಆ ಮನುಷ್ಯ ಯಾರನ್ನೂ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ನ್ಯಾಯಾಧೀಶರ, ವಕೀಲರ, ಪೊಲೀಸರ ಬೂಟುಗಳನ್ನು ಒಂದೊಂದಾಗಿ ನೋಡುತ್ತಿದ್ದ. ಎಗ್ಬೆರ್‌ನ ಕಣ್ಣು ತನ್ನ ಬೂಟುಗಳಿಗೆ ಇಳಿಯಿತು. ಅವನು ಬೈಬಲ್ ಮುಟ್ಟಿದ, ಎಗ್ಬೆರ್ ವಿದೋ ಎಂದು ಹೆಸರು ಹೇಳಿದ, ದೋಣಿಯ ಹೆಸರು ಹೇಳಿದ. ಗುಮಾಸ್ತ ಕತ್ತರಿಯಿಂದ ಮೊಹರು ಕತ್ತರಿಸಿ ಶಂಖವನ್ನು ಕೈಗೆ ಕೊಟ್ಟ.

ಭಾರ ಬೇರೆ. ಕೈಗೆ ಬಿದ್ದ ಕ್ಷಣದಲ್ಲೇ ಗೊತ್ತಾಯಿತು. ಒಡೆದ ಅಂಚು ಎಡಕ್ಕೆ ಬರಬೇಕಿತ್ತು, ಬಂತು. ಹೆಬ್ಬೆರಳು ಕೂರುವ ತಗ್ಗು ಇರಬೇಕಿತ್ತು, ಇರಲಿಲ್ಲ. ಆದರೂ ಕೈ ಇನ್ನೂ ಸುಳ್ಳು ಹೇಳಬಲ್ಲದು ಎಂದುಕೊಂಡ. ಇಷ್ಟು ದಿನ ಚೀಲದಲ್ಲಿದ್ದ ವಸ್ತು, ಒಣಗಿ ಹಗುರಾಗಿರಬಹುದು. "ಮಿಸ್ಟರ್ ವಿದೋ, ಇದು ನಿಮ್ಮದೇ?" ಎಂದು ಮಿಸ್ ಎರ್ನೆಸ್ತಾ ಗಟ್ಟಿಯಾಗಿ ಕೇಳಿದಳು. ಮುಂದಿನ ಬೆಂಚಿನಲ್ಲಿ ಮಾ ಫಿಲೋಮೆನ್ ಜಪಮಣಿ ತಿರುಗಿಸುವುದನ್ನು ನಿಲ್ಲಿಸಿರಲಿಲ್ಲ. ಒಂದೇ ಮಾತು. ಹೌದು ಎಂದರೆ ಎಲ್ಲರೂ ಮನೆಗೆ ಹೋಗಬಹುದು. ಕಾರ್ಖಾನೆಯಲ್ಲಿ ಮಗಳ ಕೈಯನ್ನು ಮತ್ತೊಮ್ಮೆ ಕುಲುಕುತ್ತಾರೆ. ಈ ಆರು ಜನ ಕಡಲ್ಗಳ್ಳರೇ ಇರಬಹುದು, ಏಣಿ ಸುಳ್ಳು ಹೇಳುವುದಿಲ್ಲ, ಇವರಲ್ಲದಿದ್ದರೆ ಇವರಂಥವರು. ಆದರೆ ಸೆರ್ಜ್ ಸತ್ತದ್ದು ಇವರಂಥವರ ಎದುರಲ್ಲ, ಕೆಲವರ ಎದುರು, ಗೊತ್ತಾದ ಪಾದಗಳ ಎದುರು. ಮತ್ತೆ ತನ್ನ ಎದುರು. ತಾನು ನಕ್ಕ ಆ ನಗುವನ್ನು ಈ ಬಿಳಿಗಡ್ಡದವನ ಬೆನ್ನಿಗೆ ಕಟ್ಟಿ ಸೆರೆಮನೆಗೆ ಕಳಿಸಿದರೆ ಅದು ಅಲ್ಲೇ ಉಳಿಯುತ್ತದೆಯೇ? "ಮಿಸ್ಟರ್ ವಿದೋ?" ಅವನ ಕೆಳದುಟಿ ಎಡಗಡೆ ತಾನಾಗಿ ಬಿಗಿಯಿತು. "ಸ್ವಾಮಿ," ಎಂದ ನ್ಯಾಯಾಧೀಶರ ಕಡೆ ತಿರುಗಿ, "ಊದಿ ನೋಡ್ಲಾ?" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಿಸ್ ಎರ್ನೆಸ್ತಾ, "ಅದರ ಅಗತ್ಯವಿಲ್ಲ," ಎಂದಳು, ಅವಸರದಲ್ಲಿ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು. ಅವರೂ ಯಾವುದೋ ದಡದ ಊರಲ್ಲಿ ಹುಟ್ಟಿದವರೇ ಇರಬೇಕು. "ಊದಿ," ಎಂದರು. "ಒಂದೇ ಸಲ. ಇದು ಮೀನು ಮಾರುಕಟ್ಟೆ ಅಲ್ಲ."

ಅವನು ಊದಿದ. ಹೆಣ್ಣಿನ ದನಿಯಂಥ ತೆಳುವಾದ, ಎತ್ತರದ, ಎಲ್ಲೂ ಒಡೆಯದ ಒಂದು ಸದ್ದು ಎದ್ದು ಪಂಖಗಳ ಮೇಲೆ ಹೋಗಿ ಕಿಟಕಿಯಿಂದ ಹೊರಬಿತ್ತು. ಆ ಸದ್ದನ್ನು ಅವನು ಬದುಕಿನಲ್ಲಿ ಕೇಳಿರಲಿಲ್ಲ. ಬೆಂಚಿನ ಕೊನೆಯಲ್ಲಿದ್ದ ಬಿಳಿಗಡ್ಡದವನು, ಯಾರೋ ಮನೆಯೊಳಗಿಂದ ಹೆಸರು ಹಿಡಿದು ಕರೆದರು ಎಂಬ ಹಾಗೆ, ಎದ್ದು ನಿಂತ. ಪೊಲೀಸಿನವನು ಭುಜ ಒತ್ತಿ ಕೂರಿಸಿದ; ಅವನು ಮತ್ತೆ ಎದ್ದ. ಎಗ್ಬೆರ್ ಅತ್ತ ಪೂರ್ತಿ ನೋಡಲಿಲ್ಲ. ಅವನು ಮಾ ಫಿಲೋಮೆನ್‌ಳನ್ನು ನೋಡುತ್ತಿದ್ದ. ಸದ್ದು ಶುರುವಾದೊಡನೆ ಅವಳ ಹ್ಯಾಟು ಮೇಲೆದ್ದಿತ್ತು, ಗಾಳಿಯ ತಿಂಗಳುಗಳಲ್ಲಿ ದಡದ ಎಲ್ಲ ಹೆಂಗಸರೂ ತಲೆ ಎತ್ತುವ ಹಾಗೆ. ಬಾಯಿ ಸ್ವಲ್ಪ ತೆರೆದಿತ್ತು. ಅವಳು ಕೇಳಿದಳು, ಕೊನೆಯವರೆಗೂ ಕೇಳಿದಳು, ನಡುವೆ ಎಲ್ಲಾದರೂ ಒಡೆಯುತ್ತದೇನೋ ಎಂದು ಕಾದಳು. ಆಮೇಲೆ ಯಾರಿಗೂ ಏನೂ ಹೇಳದೆ ತಲೆ ತಗ್ಗಿಸಿ ಜಪಮಣಿಗೆ ಬಾಗಿದಳು.

"ಅಲ್ಲ," ಎಂದ ಎಗ್ಬೆರ್. "ನಂದಲ್ಲ. ಅವತ್ತು ನಾನು ಮುಟ್ಟದೇನೆ ಹೇಳಿದ್ದೆ." ಗದ್ದಲವಾಯಿತು. ಮಿಸ್ ಎರ್ನೆಸ್ತಾ ಏನೇನೋ ಕೇಳಿದಳು: ಯಾರಾದರೂ ಬೆದರಿಸಿದರೇ, ಮರೆವು ಬಂದಿದೆಯೇ, ವಯಸ್ಸೆಷ್ಟು. ಅವನು ಎಲ್ಲಕ್ಕೂ ಉತ್ತರ ಕೊಟ್ಟ. ಗುಮಾಸ್ತ ಶಂಖವನ್ನು ಮತ್ತೆ ಚೀಲಕ್ಕೆ ಹಾಕುವಾಗ ಬಿಳಿಗಡ್ಡದವನು ಅಂಗೈ ಮುಂದೆ ಚಾಚಿದ್ದ, ಕೇಳುವವನ ಹಾಗಲ್ಲ, ತನ್ನದನ್ನು ಇಸಿದುಕೊಳ್ಳುವವನ ಹಾಗೆ. ಯಾರೂ ಗಮನಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೈಯನ್ನು ಹಿಂದಕ್ಕೆಳೆದುಕೊಂಡ. ಹೊರಗೆ ಬಂದಾಗ ಮಿಸ್ ಎರ್ನೆಸ್ತಾ ಅವನ ಪಕ್ಕದಿಂದ ಹಾದುಹೋದಳು, ತೊಂತೋ ಎನ್ನಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಮಾ ಫಿಲೋಮೆನ್ ತನ್ನ ಪಕ್ಕದ ಸೀಟಿನ ಮೇಲೆ ಕೊಡೆ ಇಟ್ಟುಕೊಂಡು ಕೂತಿದ್ದಳು. ಎಗ್ಬೆರ್ ಕಂಬಿ ಹಿಡಿದು ನಿಂತ. ಕಿಸೆಯಲ್ಲಿದ್ದ ಟೋಪಿಯ ಗಟ್ಟಿ ಅಂಚು ತೊಡೆಗೆ ಒತ್ತುತ್ತಿತ್ತು. ಗುಡ್ಡ ಹತ್ತಿ ಇಳಿಯುವವರೆಗೂ ಅವಳು ತಲೆ ಎತ್ತಲಿಲ್ಲ, ಅವನು ಕೂರಲಿಲ್ಲ. ಇವಳ ಕೈಯಲ್ಲಿದ್ದ ಒಂದೇ ಒಂದು ಮುಖವನ್ನು ಕಿತ್ತುಕೊಂಡೆ ಎಂದು ಅವನಿಗೆ ಗೊತ್ತಿತ್ತು. ಇನ್ನೊಂದನ್ನು ಎಲ್ಲಿಂದ ತರುವುದು ಗೊತ್ತಿರಲಿಲ್ಲ. ಹವಳದ ಬಂಡೆಗಳ ಸಾಲು ಕಾಣಿಸಿದಾಗ ಅವನಿಗೆ ಕೇಳಿಸಿತು, ತನ್ನದೇ ದನಿ, ಬಸ್ಸಿನ ಸದ್ದಿಗಿಂತ ಸ್ವಲ್ಪವೇ ಎತ್ತರದಲ್ಲಿ: "ಮಾ, ಅವತ್ತು ದೋಣೀಲಿ ಅವರು ಶಂಖ ಊದಿದಾಗ ನಾನು ನಕ್ಕೆ. ಸೆರ್ಜ್ ನೋಡಿದ." ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಮುದುಕಿಯ ಬೆರಳು ಜಪಮಣಿಯ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ತಲೆ ಎತ್ತಿ, ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖವನ್ನು ಪೂರ್ತಿಯಾಗಿ, ಹಣೆಯಿಂದ ಗದ್ದದವರೆಗೆ, ಮರೆಯಬಾರದ ವಸ್ತುವನ್ನು ನೋಡುವ ಹಾಗೆ ನೋಡಿದಳು. ಅವನು ತಲೆ ತಗ್ಗಿಸಲಿಲ್ಲ. ನೋಡಿ ಮುಗಿದ ಮೇಲೆ ಅವಳು ಪಕ್ಕದ ಸೀಟಿನಿಂದ ಕೊಡೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.